ಗುಣವಾದ ಇಲಿಗಳು

ಸಾಧನಾ ಮೂಡುಬಿದಿರೆಯಿಂದ ಬೆಳಗ್ಗೆ ಹೊರಟು, ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ, ಫರಂಗಿಪೇಟೆಯ ಆಚೆ ಇರುವ ಫಾರ್ಮಸಿ ಕಾಲೇಜಿಗೆ ಹೋಗುತ್ತಾಳೆ. ಮಕ್ಕಳಿಗೆ ಪಾಠ ಮಾಡಿ ಉಳಿದ ಹೊತ್ತೆಲ್ಲ ಪ್ರಯೋಗಾಲಯದಲ್ಲಿ. ಪಿಎಚ್‌ಡಿ ಇನ್ನೂ ಮುಗಿದಿಲ್ಲ. ಸಂಜೆ ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ; ಆದ್ದರಿಂದ ಬಸ್‌ಸ್ಟ್ಯಾಂಡಿನಲ್ಲೇ ಡಬ್ಬಿ ಬಿಚ್ಚಿ ತಿಂದು ಮುಗಿಸುತ್ತಾಳೆ.

ಅತ್ತೆ ಕಮಲಾವತಿಗೆ ಆಮವಾತ. ಮಾವ ನೋಡಿಕೊಳ್ಳುತ್ತಿದ್ದ ಬಸದಿಯಲ್ಲಿ, ಅವರು ತೀರಿಕೊಂಡ ಮೇಲೂ, ದೀಪ ತೊಳೆದು ಗಂಧ ತೇಯುವುದು ಅತ್ತೆಯ ಕೆಲಸವಾಗಿತ್ತು. ಬೆರಳ ಗಂಟುಗಳು ಬಾತು ಬಿಗಿದ ಮೇಲೆ ಗಂಧದ ಕೊರಡು ಹಿಡಿಯಲಿಕ್ಕೆ ಆಗಲಿಲ್ಲ. ಮಾತ್ರೆ ತಿಂದರೆ ನೋವು ಇಳಿಯುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ರಕ್ತ ವಾಂತಿಯೂ ಆಗಿ ಡಾಕ್ಟರು ಮಾತ್ರೆ ಅರ್ಧಕ್ಕಿಳಿಸಿದರು.

ಸಾಧನಾ ಮಾಡುತ್ತಿದ್ದದ್ದು ಇದಕ್ಕೇ ಸಂಬಂಧಪಟ್ಟ ಕೆಲಸ. ಅಂಥದೇ ಮದ್ದನ್ನು, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ ತುಂಬಿ, ಹಚ್ಚುವ ಜೆಲ್ ಮಾಡುವುದು. ಕಣಗಳು ಚರ್ಮದೊಳಗೆ ಇಳಿದು ಬಾತ ಗಂಟಿಗೇ ಮದ್ದು ಮುಟ್ಟಿಸಿದರೆ ಹೊಟ್ಟೆಗೆ ತೊಂದರೆ ಕಡಿಮೆ. ಹೇಳಲಿಕ್ಕೆ ಸುಲಭ. ಫ್ರಿಜ್‌ನಲ್ಲಿಟ್ಟ ಜೆಲ್‌ನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು. ಮತ್ತೆ ಮೊದಲಿನಿಂದ ಶುರು. ಅತ್ತೆ ಆಸೆಯಿಂದ ಕೇಳುತ್ತಿದ್ದರು, ತಮಗೂ ಸ್ವಲ್ಪ ತರಬಾರದೇ ಎಂದು. ಮೊದಲು ಇಲಿಗಳಿಗೆ ಹಚ್ಚಿ ನೋಡಬೇಕು ಎಂದು ಸಾಧನಾ ಸಮಾಧಾನ ಮಾಡುತ್ತಿದ್ದಳು.

ಕೊನೆಗೊಂದು ಜೆಲ್ ಕೆಡದೆ ನಿಂತಿತು. ಇಲಿಗಳ ಕಾಲಿಗೆ ಚುಚ್ಚಿ ಬಾವು ಬರಿಸಿ, ಆ ಜೆಲ್ ಹಚ್ಚಿದರು. ಕುಂಟುತ್ತಿದ್ದ ಇಲಿಗಳು ಸರಿಯಾಗಿ ಓಡಾಡತೊಡಗಿದವು. ಮಾರ್ಗದರ್ಶಕರಾದ ಹೇಮಚಂದ್ರರಿಗೆ ಖುಷಿಯಾಯಿತು. ಆದರೆ ಅದು ಅಲ್ಲಿಗೇ ಮುಗಿಯುವುದಲ್ಲ. ಸಾಧನಾ ಮತ್ತು ಅವಳ ಜೊತೆಗಾರ್ತಿ ಮುರ್ಶಿದಾ ಒಂದು ಇಡೀ ದಿನ ಬಾಕಿ ಕೆಲಸ ಮಾಡಿದರು.

ಅಂದು ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು.

“ಇಲಿಗಳಿಗೆ ಗುಣ ಆಯಿತಾ?”

“ಆಯಿತು ಅತ್ತೆ. ಬಾವು ಇಳಿದಿದೆ.”

“ಹಾಗಾದರೆ ಅವನ್ನು ಬಿಟ್ಟಿರಾ?”

ಏನಾದರೊಂದು ಹೇಳಿ ಒಳಗೆ ಹೋಗಬಹುದಿತ್ತು. ಸುಳ್ಳು ಹೇಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

“ಇಲ್ಲ. ಗಂಟಿನ ಒಳಗೆ ಏನಾಗಿದೆ ಅಂತ ನೋಡಬೇಕು. ಕೊಲ್ಲಲೇಬೇಕಾಗ್ತದೆ. ನಾನೇ ಮಾಡಿದೆ.”

ಕಮಲಾವತಿ ಬೈಯಲಿಲ್ಲ. ಎದ್ದು ಒಳಗೆ ಹೋದರು. ಮುಂದಿನ ಕೆಲವು ದಿನ ಬೇಕಾದಷ್ಟೇ ಮಾತು. ಗಂಡ ಸಮ್ಮೇದ್, ಇಷ್ಟು ಕಷ್ಟವಾದರೆ ಕೆಲಸ ಬಿಡು ಎಂದ. ಅವಳು ಹೇಮಚಂದ್ರರ ಹತ್ತಿರ ಹೋಗಿ, ಇಲಿಗಳ ಕೆಲಸದಿಂದ ತನ್ನನ್ನು ಬಿಡಿಸಿ ಎಂದು ಕೇಳಿದಳು. ಅವರು ಒಳ್ಳೆಯ ಮನುಷ್ಯ, ಒತ್ತಾಯ ಮಾಡಲಿಲ್ಲ. ನೀನು ಬಿಟ್ಟರೆ ಮುರ್ಶಿದಾ ಒಬ್ಬಳೇ ಮಾಡಬೇಕಾಗುತ್ತದೆ ಎಂದಷ್ಟೇ ಹೇಳಿದರು. ಇಲಿಗಳನ್ನು ಕೊಂದ ದಿನ ಸಿಂಕಿನ ಮುಂದೆ ಮತ್ತೆ ಮತ್ತೆ ಕೈ ತೊಳೆಯುತ್ತಿದ್ದ ಮುರ್ಶಿದಾ ನೆನಪಾಗಿ, ಸಾಧನಾ ಆ ಮಾತು ಅಲ್ಲಿಗೇ ಬಿಟ್ಟು ವಾಪಸ್ ಬಂದಳು.

ಒಂದು ಭಾನುವಾರ ಅತ್ತೆಯೇ ಮಾತು ತೆಗೆದರು. ಅವಕ್ಕೆ ನೋವಾಗುವುದಿಲ್ಲವೇ ಎಂದು ಕೇಳಿದರು.

“ಕೊನೆಗೆ ಎಚ್ಚರ ತಪ್ಪಿಸಿಯೇ ಮಾಡ್ತೇವೆ. ಮೊದಲು ಬಾವು ಬರಿಸುವಾಗ ಮಾತ್ರ ನೋವುಂಟು.”

ಕಮಲಾವತಿ ತಮ್ಮ ಬೆರಳುಗಳನ್ನು ನೋಡಿಕೊಂಡರು. “ಆ ನೋವು ನನಗೆ ಗೊತ್ತುಂಟು.” ಮತ್ತೆ ಹೇಳಿದರು: “ನಿನ್ನ ಕೆಲಸ ಬಿಡು ಅಂತ ಹೇಳುವುದಿಲ್ಲ. ಆ ಮದ್ದು ಬೇಕಾದವರು ತುಂಬ ಜನ ಇದ್ದಾರೆ. ನನಗೆ ಮಾತ್ರ ಅದು ಬೇಡ.”

ಹೇಗೂ ಅದು ಅವರಿಗೆ ಸಿಗುವಂತಿರಲಿಲ್ಲ. ಪ್ರಬಂಧ ಪ್ರಕಟವಾಯಿತು. ಇನ್ನೂ ಪರೀಕ್ಷೆಗಳುಂಟು, ಅನುಮತಿಗಳುಂಟು. ಮನುಷ್ಯರ ಕೈಗೆ ಆ ಜೆಲ್ ಹಚ್ಚಲಿಕ್ಕೆ ವರ್ಷಗಳು ಬೇಕು, ಹಚ್ಚುವ ದಿನ ಬಾರದೆಯೂ ಇರಬಹುದು. ಅತ್ತೆ ಅರ್ಧ ಮಾತ್ರೆಯಲ್ಲೇ ದಿನ ದೂಡುತ್ತಿದ್ದಾರೆ.

ಈಗ ಇಲಿಗಳನ್ನು ಕೊಲ್ಲುವ ಕೆಲಸವಿರುವ ದಿನ ಸಾಧನಾ ಬೆಳಗ್ಗೆಯೇ ಹೇಳಿ ಹೋಗುತ್ತಾಳೆ. ಸಂಜೆ ಬರುವಾಗ ಬಚ್ಚಲಿನ ಹಂಡೆಯಲ್ಲಿ ನೀರು ಕಾದಿರುತ್ತದೆ. ಆ ಬೆರಳುಗಳಲ್ಲಿ ಸೌದೆ ಹೇಗೆ ಎತ್ತಿದಿರಿ ಎಂದು ಅವಳು ಕೇಳುವುದಿಲ್ಲ, ಇವತ್ತು ಎಷ್ಟು ಇಲಿ ಎಂದು ಅವರೂ ಕೇಳುವುದಿಲ್ಲ. ಬಾಗಿಲು ಹಾಕಿಕೊಂಡು, ನೀರು ತಣಿಯುವವರೆಗೂ ಮೈಮೇಲೆ ಹೊಯ್ದುಕೊಳ್ಳುತ್ತಾಳೆ.