ಪೆರಾಬೆಯ ಮೊದಲ ಹಾಳೆ

ಪೆರಾಬೆಯಲ್ಲಿ ಕಿಡ್ನಿ ಕಾಯಿಲೆಯವರು ಒಬ್ಬರೂ ಇಲ್ಲ, ಅದು ಅಲ್ಲಿನ ನೀರಿನ ಗುಣ ಎಂದು ಉಲ್ಲಾಸ್ ಕಂಪ್ಯೂಟರಿನ ಪಟ್ಟಿ ನೋಡಿ ಮೈಕಿನಲ್ಲಿ ಹೊಗಳುತ್ತಿದ್ದಾಗ ಎರಡನೇ ಸಾಲಿನಿಂದ ಪೆರಾಬೆಯ ತ್ಯಾಂಪಣ್ಣ ಎದ್ದು ನಿಂತರು. ಎಡಗೈಯಲ್ಲಿ ಡಯಾಲಿಸಿಸ್ ಸೂಜಿಯ ಪಟ್ಟಿ ಇನ್ನೂ ಇತ್ತು.

"ಹಾಗಾದ್ರೆ ನಾನು ವಾರಕ್ಕೆ ಮೂರು ಸಲ ಪುತ್ತೂರಿಗೆ ಹೋಗುದು ಎಂತಕ್ಕೆ ಮಾರಾಯ್ರೆ?"

ಕಡಬದ ಆ ಸಭೆ ಹೊಟ್ಟೆ ಹಿಡಿದು ನಕ್ಕಿತು. ರೋಗಿಗಳನ್ನು ಪುಕ್ಕಟೆ ಕರೆದೊಯ್ಯುವ ವ್ಯಾನಿನ ಪಟ್ಟಿಯನ್ನು ಇನ್ನು ಕಂಪ್ಯೂಟರೇ ಮಾಡುತ್ತದೆ ಎಂದು ತೋರಿಸಲು ಕರೆದ ಸಭೆ ಅದು. ಪ್ರೋಗ್ರಾಂ ಬರೆದವನು ಉಲ್ಲಾಸ್. ಕಿವಿ ಕೆಂಪಾಗಿ, ನೋಡುತ್ತೇನೆ ಎಂದ. ನೋಡಲಿಲ್ಲ. ಮರುದಿನ ಭಾನುವಾರ, ಮದುವೆಯೊಂದಿತ್ತು, ಊಟವೂ ಚೆನ್ನಾಗಿತ್ತು.

ಊರೂರಿನಿಂದ ಎಕ್ಸೆಲ್ ಫೈಲುಗಳು ಬರುತ್ತಿದ್ದವು. ಒಳಗಿನ ಹಾಳೆಗೆ ಆಲಂಕಾರಿನವರು 'ಕಿಡ್ನಿ' ಎಂದು ಹೆಸರಿಟ್ಟರೆ ಕಲ್ಲುಗುಂಡಿಯವರು ಮಗಳ ಹೆಸರಿಟ್ಟಿದ್ದರು. ಯಾರು ಕೇಳುತ್ತಾ ಕೂರುವುದು? ಹೆಸರು ಏನೇ ಇರಲಿ, ಮೊದಲ ಹಾಳೆಯನ್ನು ಓದು ಎಂದು ಪ್ರೋಗ್ರಾಮಿಗೆ ಹೇಳಿ ಉಲ್ಲಾಸ್ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಸೋಮವಾರ ಡ್ರೈವರ್ ಶಿಹಾಬನ ಚೀಟಿಯಲ್ಲಿ ಪೆರಾಬೆ ಇರಲಿಲ್ಲ. ವ್ಯಾನು ಆ ಕಡೆ ತಿರುಗಲೇ ಇಲ್ಲ. ತ್ಯಾಂಪಣ್ಣ ಮತ್ತು ಊರಿನ ಇನ್ನೊಬ್ಬ ರೋಗಿ ಊರ್ಮಿಳಾ ರಸ್ತೆ ಬದಿಯಲ್ಲಿ ಒಂದು ಗಂಟೆ ಕಾದರು. ತ್ಯಾಂಪಣ್ಣ ಎರಡು ಸಲ ಫೋನ್ ಮಾಡಿದರು. ಇನ್ನಷ್ಟು ಗೇಲಿ ಯಾರಿಗೆ ಬೇಕು ಎಂದು ಉಲ್ಲಾಸ್ ಎತ್ತಲಿಲ್ಲ. ಕೊನೆಗೆ ತ್ಯಾಂಪಣ್ಣ ಬಸ್ಸು ಹತ್ತಿದರು. ಊದಿದ ಕಾಲನ್ನು ಮೆಟ್ಟಿಲಿಗೆ ಎತ್ತಲು ಊರ್ಮಿಳಾರಿಂದ ಆಗಲಿಲ್ಲ. ಬಸ್ಸಿನ ಬಾಗಿಲಿನಿಂದಲೇ ತ್ಯಾಂಪಣ್ಣ ಆಟೋ ಮಾಡುವ ಎಂದರೆ, ಬುಧವಾರ ವ್ಯಾನ್ ಬರ್ತದಲ್ಲ ಎಂದು ಊರ್ಮಿಳಾ ಮನೆಗೆ ಹೋದರು.

ಮಂಗಳವಾರ ಬೆಳಗ್ಗೆ ಉಸಿರು ಕಟ್ಟಿ ತೀರಿಕೊಂಡರು.

ತ್ಯಾಂಪಣ್ಣ ಆ ಸುದ್ದಿ ತಿಳಿಸಿದ ಮೇಲೆ ಉಲ್ಲಾಸ್ ಪೆರಾಬೆಯ ಫೈಲು ತೆರೆದ. ಮೊದಲ ಹಾಳೆಯ ನೆತ್ತಿಯ ಮೇಲೆ 'ಶ್ರೀ' ಎಂದಿತ್ತು. ಕೆಳಗೆ ಏನೂ ಇಲ್ಲ. ಹೆಸರು, ಮನೆ, ರಕ್ತದ ಗುಂಪು ಎಲ್ಲ ಎರಡನೇ ಹಾಳೆಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಫೈಲು ಮಾಡಿದವರು ತ್ಯಾಂಪಣ್ಣನೇ. ಮೂವತ್ತೊಂದು ವರ್ಷ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಯಾವ ಪುಸ್ತಕದ ಮೊದಲ ಪುಟಕ್ಕೂ ದೇವರ ಹೊರತು ಇನ್ನೊಬ್ಬರನ್ನು ಬಿಟ್ಟವರಲ್ಲ. ಕಾಯಿಲೆ ಬಿದ್ದ ಮೇಲೆ ಒಂದೇ ಬೆರಳಲ್ಲಿ ಕಂಪ್ಯೂಟರ್ ಕಲಿತಾಗಲೂ ಆ ಕ್ರಮ ತಪ್ಪಿಸಿರಲಿಲ್ಲ.

ಪ್ರೋಗ್ರಾಂ ಮೊದಲ ಹಾಳೆಯನ್ನು ಮಾತ್ರ ಓದಿದ ವಿಷಯವನ್ನು ಉಲ್ಲಾಸ್ ತ್ಯಾಂಪಣ್ಣನಿಗೆ ಫೋನ್ ಮಾಡಿ ತಡವರಿಸುತ್ತಾ ಹೇಳಿದ.

"ಮೊದಲ ಪುಟದಲ್ಲಿ ಯಾರಾದ್ರೂ ರೋಗಿಗಳ ಹೆಸರು ಬರೀತಾರಾ?" ಎಂದು ಕೇಳಿ ತ್ಯಾಂಪಣ್ಣ ಫೋನ್ ಇಟ್ಟರು.

ಸಂಜೆಯೊಳಗೆ ಉಲ್ಲಾಸ್ ಪ್ರೋಗ್ರಾಮನ್ನು ತಿದ್ದಿದ. ಎಷ್ಟೇ ಹಾಳೆಗಳಿರಲಿ, ಒಂದೊಂದನ್ನೂ ತೆರೆದು 'ರೋಗಿಯ ಹೆಸರು' ಎಂಬ ತಲೆಬರಹ ಎಲ್ಲಿದೆಯೋ ಅದನ್ನೇ ಓದಬೇಕು. ಮೂವತ್ತು ಸಲ ಓಡಿಸಿ ನೋಡಿದ. ಒಮ್ಮೆಯೂ ತಪ್ಪಲಿಲ್ಲ.

ಬುಧವಾರ ಬೆಳಗ್ಗೆ ತಾನೇ ಫೋನ್ ಮಾಡಿ, ವ್ಯಾನ್ ಬಂತಾ, ಸೀಟು ಸಿಕ್ಕಿತಾ ಎಂದು ಕೇಳಿದ.

"ಸಿಕ್ಕಿತು," ಎಂದರು ತ್ಯಾಂಪಣ್ಣ. "ಪೆರಾಬೆಗೆ ಎರಡು ಇಟ್ಟಿದ್ದೀರಿ."