ಎಡಕ್ಕೆ ಸರಿಸಿದ ಬಟನ್

ನಮ್ಮ ದೊಡ್ಡವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ಮುಂಜಾನೆ ಹೋದವು. ಶಲವಡಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಎಷ್ಟೋ ವರ್ಷ ಅಕ್ಕನ ಬಳಗದಲ್ಲಿ ಮುಂದೆ ಕುಳಿತು ವಚನ ಹಾಡಿದವಳು ಅವಳು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಗೋಡೆಯಾಚೆಯಿಂದ ದೊಡ್ಡಪ್ಪನ ದನಿಯೊಂದೇ ಕೇಳಿಸತೊಡಗಿತು. ಹಸಿವಾಗಿದೆಯೇ ಎಂದು ಕೇಳುವವನೂ ಅವನೇ, ಆಗಿದೆ ಎಂದು ಹೇಳುವವನೂ ಅವನೇ.

ಹುಬ್ಬಳ್ಳಿಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಹೆಣ್ಣುಮಗಳು, ಇಂಥವರಿಗೆ ಕೆಲವು ಸಲ ಹಾಡಿನ ದಾರಿಯಿಂದ ಶಬ್ದಗಳು ಮರಳುತ್ತವೆ, ಹಾಡು ಕೇಳಿಸಿರಿ ಎಂದಿದ್ದಳು. ದೊಡ್ಡಪ್ಪ ಅದನ್ನು ಗುಳಿಗೆಯ ಚೀಟಿಯಂತೆ ಪಾಲಿಸಿದ. ಬಳಗದ ಹೆಣ್ಣುಮಕ್ಕಳು ಹಿಂದೆ ಫೋನಿನಲ್ಲಿ ಹಿಡಿದಿಟ್ಟಿದ್ದ ದೊಡ್ಡವ್ವನ ಹಾಡುಗಳನ್ನೆಲ್ಲ ನನ್ನ ಕೈಯಿಂದ ಒಟ್ಟುಗೂಡಿಸಿದ. ಅಣ್ಣಿಗೇರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪೊಂದು ಸುಮ್ಮನೆ ಬಿದ್ದಿತ್ತು. ಅದನ್ನೇ ಅವಳ ಮಂಚದ ಮುಂದೆ ಸ್ಟೂಲಿನ ಮೇಲೆ ಇಟ್ಟೆವು. ದೊಡ್ಡಪ್ಪ ಹೊಲಕ್ಕೆ ಹೋಗುವಾಗ ಹಾಡು ಹಚ್ಚಿ ಹೋಗುತ್ತಿದ್ದ. ಅವನು ಊಟಕ್ಕೆ ಬರುವತನಕ ಅವೇ ಹನ್ನೊಂದು ಹಾಡು ತಿರುತಿರುಗಿ ಬರುತ್ತಿದ್ದವು. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಹಾಡು ಕೇಳುತ್ತ ನಿದ್ದೆ ಹೋಗಿದ್ದಾಳೆ ಎಂದು ನಾವು ಸಮಾಧಾನಪಟ್ಟೆವು.

ಒಂದು ರವಿವಾರ ನಾನು ಒಳಗೆ ಹೋದಾಗ ಅವಳು ಮಲಗಿರಲಿಲ್ಲ. ಕಣ್ಣು ತೆರೆದುಕೊಂಡೇ ಗೋಡೆಯನ್ನು ನೋಡುತ್ತಿದ್ದಳು. ಎಡಗೈ ಗಟ್ಟಿಯಿದೆ, ತನಗೆ ಬೇಕಾದ ಹಾಡನ್ನು ತಾನೇ ಹಚ್ಚಿಕೊಳ್ಳಲಿ ಎಂದು ನನಗೆ ಹೊಳೆದದ್ದು ಆಗ. ಅವಳನ್ನು ದಿಂಬಿಗೆ ಒರಗಿಸಿ ಕೂಡಿಸಿ, ಮೌಸನ್ನು ಎಡಗೈಗೆ ಕೊಟ್ಟೆ. ಆದರೆ ಆ ಮೀಡಿಯಾ ಪ್ಲೇಯರಿನ ತುಂಬ ಬಟನ್‌ಗಳು. ಅವಳ ಕೈ ಸ್ವಲ್ಪ ಜಾರಿದರೆ ಏನೇನೋ ಕಿಟಕಿ ತೆರೆದುಕೊಳ್ಳುತ್ತಿತ್ತು. ಮೂರನೆಯ ಸಲ ಪರದೆಯೆಲ್ಲ ಕಪ್ಪಾದಾಗ ಅವಳು ಮೌಸನ್ನು ಕೌದಿಯ ಮೇಲೆ ಎಸೆದಳು.

"ಆಕಿಗೆ ತಿಳಿಯಂಗಿಲ್ಲ, ಬಿಡವಾ. ನಾನಿದೀನಲ್ಲ, ನಾನ ಹಚ್ತೀನಿ," ಎಂದ ದೊಡ್ಡಪ್ಪ. ಸಿಟ್ಟಿನಿಂದಲ್ಲ, ಅವಳಿಗೆ ತ್ರಾಸು ಬೇಡವೆಂದು. ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು.

ಆ ಪ್ಲೇಯರಿಗೆ ಸ್ಕಿನ್ ಹಾಕಬಹುದೆಂದು ನನಗೆ ಗೊತ್ತಿತ್ತು. ಒಳಗಿನ ಯಂತ್ರ ಅದೇ, ಮೇಲಿನ ಮುಖ ಮಾತ್ರ ಬೇರೆ. ಬೇರೆ ಬೇರೆ ಜನ ತಮ್ಮ ಮನಸ್ಸಿಗೆ ಬಂದಂಥ ಮುಖ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರೆ. ನಾನು ಆರಿಸಿದ್ದು ಒಂದು ಕಾಂಪ್ಯಾಕ್ಟ್ ಸ್ಕಿನ್. ಇಳಿಸಿಕೊಂಡ ಫೈಲನ್ನು ಅದರ ಫೋಲ್ಡರಿನಲ್ಲಿ ಹಾಕಿ, ಪ್ಲೇಯರನ್ನು ಮುಚ್ಚಿ ತೆರೆದು, ಪಟ್ಟಿಯಲ್ಲಿ ಅದರ ಹೆಸರು ಒತ್ತಿದೆ. ಪರದೆ ತುಂಬ ಹರಡಿಕೊಂಡಿದ್ದ ಕಿಟಕಿ ಒಮ್ಮೆಲೇ ಕುಗ್ಗಿ ಬೆಳ್ಳಿಬಣ್ಣದ ಒಂದು ಸಣ್ಣ ಪಟ್ಟಿಯಾಯಿತು. ಗಾಜಿನಂತೆ ಮಿಂಚುತ್ತಿತ್ತು. ನನಗೆ ಬಹಳ ಹೆಮ್ಮೆಯಾಯಿತು.

ಬಟನ್‌ಗಳು ಮಾತ್ರ ಕುಸುಬಿ ಕಾಳಿನಷ್ಟಿದ್ದವು. ಸ್ಕಿನ್ನಿನ ಫೈಲನ್ನು ಬಿಚ್ಚಿ ನೋಡಿದರೆ ಒಳಗೆ ಪ್ರತಿ ಬಟನ್ನಿಗೂ ಒಂದೊಂದು ಚಿತ್ರ, ಜೊತೆಗೆ ಯಾವ ಚಿತ್ರ ಎಲ್ಲಿ ಕೂಡಬೇಕೆಂದು ಅಂಕಿಗಳಲ್ಲಿ ಬರೆದ ಒಂದು ಹಾಳೆ. ಮೂಲದ ಒಂದು ಪ್ರತಿ ತೆಗೆದಿಟ್ಟು ಕೈ ಹಾಕಿದೆ. ಬೇಡವಾದದ್ದನ್ನೆಲ್ಲ ಅಳಿಸಿ ಮೂರೇ ಬಟನ್ ಉಳಿಸಿದೆ. ಚಿತ್ರಗಳನ್ನು ದೊಡ್ಡದು ಮಾಡಿ ಅವುಗಳ ಮೇಲೆ ಕನ್ನಡದಲ್ಲಿ 'ಹಚ್ಚು', 'ನಿಲ್ಲಿಸು', 'ಮುಂದ' ಎಂದು ಬರೆದೆ. ಮೊದಲ ಸಲ ತೆರೆದಾಗ ಮೂರೂ ಒಂದರ ಮೇಲೊಂದು ಏರಿ ಕುಳಿತಿದ್ದವು. ಎರಡನೆಯ ಸಲ ಪ್ಲೇಯರು ತೆರೆಯಲೇ ಇಲ್ಲ. ಎಲ್ಲೋ ಒಂದು ಚಿಹ್ನೆ ಬಿಟ್ಟುಹೋಗಿತ್ತು. ಎರಡು ರವಿವಾರ ಅದರಲ್ಲೇ ಕಳೆದವು.

ದೊಡ್ಡವ್ವನಿಗೆ ತೋರಿಸಿದೆ. ಬೆಳ್ಳಿಬಣ್ಣ ಬೇಡವೆಂದು ತಲೆ ಅಲ್ಲಾಡಿಸಿದಳು. ನೀಲಿಯೂ ಬೇಡ, ಹಸಿರೂ ಬೇಡ. ಕೊನೆಗೆ ಬಿಳಿಯ ಮೇಲೆ ಕಪ್ಪು ಅಕ್ಷರ ಇಟ್ಟಾಗ ಸುಮ್ಮನಾದಳು. ಅಗದಿ ಸಾದಾ. ನನ್ನ ಮಿಂಚೆಲ್ಲ ಅಲ್ಲಿಗೆ ಹೋಯಿತು.

ಹಾಡುಗಳ ಹೆಸರು ಪಟ್ಟಿಯ ಎಡಕ್ಕೆ, ಬಟನ್‌ಗಳು ಬಲಕ್ಕೆ ಇದ್ದವು. ಸ್ಕಿನ್ ಮಾಡಿದವರು ಹಾಗೆ ಇಟ್ಟಿದ್ದರು, ನಾನೂ ಹಾಗೇ ಬಿಟ್ಟಿದ್ದೆ. ನಾನು ಹೇಳಿದ್ದಕ್ಕೆ ಅವಳು ಎಡಗೈಯಿಂದ ಮೌಸಿನ ಬಾಣವನ್ನು ಸಾವಕಾಶ ಒಯ್ದು ಒಂದು ಹಾಡಿನ ಹೆಸರು ಆರಿಸಿದಳು. ಅಲ್ಲಿಯತನಕ ಸರಿ. ಮುಂದೆ ಬಾಣ ನಟ್ಟ ನಡುವಿನವರೆಗೆ ಹೋಗುವುದು, ಹಿಂದೆ ಬರುವುದು. ಬಲಕ್ಕೆ ಹೋಗೆಂದು ನಾನು ಹೇಳುತ್ತಲೇ ಇದ್ದೆ. ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಕೈ ಬಿಟ್ಟಳು. ದೊಡ್ಡಪ್ಪ ತಾನೇ ಬಂದು 'ಹಚ್ಚು' ಒತ್ತಿದ. ಅವಳದೇ ದನಿ ಕೋಣೆ ತುಂಬಿತು. ಅವಳಿಗೆ ತಿಳಿಯುವುದಿಲ್ಲವೇನೋ ಎಂದು ನನಗೂ ಅನ್ನಿಸಿದ್ದು ಸುಳ್ಳಲ್ಲ.

ಅಷ್ಟರಲ್ಲಿ ನಮ್ಮ ಅವ್ವ ಗೋಡೆಯಾಚೆಯಿಂದ ಊಟದ ತಾಟು ತಂದಳು. ಎಡಕ್ಕೆ ಮುರಿದ ರೊಟ್ಟಿ, ಬಲಕ್ಕೆ ಬದನಿಕಾಯಿ ಪಲ್ಯೆ. ದೊಡ್ಡವ್ವ ಬರಿಯ ರೊಟ್ಟಿ ಅಗಿದು ತಾಟು ಸರಿಸಿದಳು. ದಿನಾ ಹೀಗೆಯೇ, ಪಲ್ಯೆ ಮುಟ್ಟುವುದೇ ಇಲ್ಲ, ಬಾಯಿರುಚಿ ಕೆಟ್ಟಿರಬೇಕು ಎಂದಳು ಅವ್ವ. ನಾನು ಪರದೆ ನೋಡಿದೆ, ತಾಟು ನೋಡಿದೆ. ತಾಟನ್ನು ಅರ್ಧ ತಿರುಗಿಸಿ ಪಲ್ಯೆಯನ್ನು ಅವಳ ಎಡಕ್ಕೆ ತಂದೆ. ದೊಡ್ಡವ್ವ ಅದು ಈಗಷ್ಟೇ ಬಂತೇನೋ ಎಂಬಂತೆ ನೋಡಿ, ಬೆರಳಿಂದ ಬಳಿದು ಬಳಿದು ಎಲ್ಲವನ್ನೂ ತಿಂದಳು. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಿಂತಳು. ಇಷ್ಟು ದಿನ ಬಲಗಡೆ ಇಟ್ಟದ್ದು ಯಾವುದೂ ಆಕೆಗೆ ಕಾಣುತ್ತಿರಲಿಲ್ಲ. ಹೇಳಲು ಬಾಯಿ ಇರಲಿಲ್ಲ.

ನಾನು ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಅಂಕಿಗಳನ್ನು ತಿದ್ದಿದೆ. ಮೂರೂ ಬಟನ್ ಎಡತುದಿಗೆ ಬಂದವು, ಹಾಡಿನ ಹೆಸರುಗಳು ಅವುಗಳ ಕೆಳಗೆ. ಇಡೀ ಪಟ್ಟಿಯನ್ನೇ ಪರದೆಯ ಎಡ ಅಂಚಿಗೆ ತಂದೆ. ದೊಡ್ಡಪ್ಪ ಹಾಡು ಹಚ್ಚಿಕೊಟ್ಟ, ಲ್ಯಾಪ್‌ಟಾಪನ್ನು ಅವಳ ಮುಂದೆ ಇಟ್ಟೆವು.

ದೊಡ್ಡವ್ವ ಬಾಣವನ್ನು ಸರಸರ ಒಯ್ದು 'ನಿಲ್ಲಿಸು' ಒತ್ತಿದಳು.

ಹಾಡು ನಿಂತಿತು. ತಪ್ಪಿ ಒತ್ತಿದಳೆಂದು ದೊಡ್ಡಪ್ಪ ಮತ್ತೆ ಹಚ್ಚಿದ. ಅವಳು ಮತ್ತೆ ನಿಲ್ಲಿಸಿದಳು, ಈ ಸಲ ಅವನ ಮುಖ ನೋಡುತ್ತ.

"ಬ್ಯಾಡಾಗಿತ್ತೇನ?" ಎಂದು ಅವನು ಕೇಳಿದ.

ತಲೆಯಾಡಿಸಿದಳು.

"ಮೊದಲಿಂದನೂ?"

ಅದಕ್ಕೂ ಹೌದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂದಿತ್ತು.

ದೊಡ್ಡಪ್ಪ ಮಂಚದ ಕಾಲಿನ ಹತ್ತಿರ ಕುಳಿತ. "ನಿನ್ನ ಹಾಡು ನಿನಗ ಹಿಂಸಿ ಆಕ್ಕೈತಂತ ನನಗ ಹ್ಯಾಂಗ ತಿಳೀಬೇಕ," ಎಂದ. ಅದು ಪ್ರಶ್ನೆಯಂತಿರಲಿಲ್ಲ. ಹಾಡಲಾರದವಳ ಮುಂದೆ ದಿನವಿಡೀ ಅವಳದೇ ಹಾಡು ಹಚ್ಚಿದ್ದು ನಾವು. ಹಾಡುಗಳನ್ನು ಒಟ್ಟುಗೂಡಿಸಿದವಳು ನಾನು. ದೊಡ್ಡವ್ವ ಎಡಗೈ ಚಾಚಿ ಅವನ ಭುಜದ ಮೇಲೆ ಇಟ್ಟಳು.

ಮುಂದಿನ ವಾರ ಹುಬ್ಬಳ್ಳಿಗೆ ಕರೆದೊಯ್ದಾಗ ಡಾಕ್ಟರು ಪರೀಕ್ಷಿಸಿ, ಎರಡೂ ಕಣ್ಣಿಗೆ ಬಲಭಾಗದ ನೋಟ ಹೋಗಿದೆ ಎಂದರು. ತಲೆಯನ್ನೇ ಬಲಕ್ಕೆ ತಿರುಗಿಸಿ ನೋಡುವ ರೂಢಿ ಮಾಡಿಸಲು ಹೇಳಿದರು. ಈಗ ದೊಡ್ಡಪ್ಪ ದಿನಾ ಬೇಕಂತಲೇ ಅವಳ ಬಲಗಡೆ ಬಂದು ನಿಂತು ಕರೆಯುತ್ತಾನೆ, ಅವಳು ತಿರುಗುವವರೆಗೂ ಕಾಯುತ್ತಾನೆ.

ಅವಳ ಹಾಡುಗಳನ್ನು ಅಳಿಸಲೇ ಎಂದು ಕೇಳಿದ್ದಕ್ಕೆ ದೊಡ್ಡವ್ವ ಬೇಡವೆಂದು ಕೈಯಾಡಿಸಿದಳು. ಕೆಳಗೆ ಬೇರೆ ಹಾಡು ಸೇರಿಸಿದೆ. ವಚನದ ಗಂಭೀರ ದನಿಯವಳು ದಿನವೆಲ್ಲ ಗೀಗೀ ಪದ ಹಚ್ಚಿಕೊಂಡು ಅರ್ಧ ಬಾಯಿಯಲ್ಲಿ ನಗುವುದನ್ನು ನೋಡಿ ನಮ್ಮೆಲ್ಲರಿಗೂ ಆಶ್ಚರ್ಯ. ಬಳಗದವರ ಮುಂದೆ ಇಷ್ಟು ವರ್ಷ ಹೇಗೆ ಮುಚ್ಚಿಟ್ಟಿದ್ದಳೋ.

ಕಡಲೆ ಕಿತ್ತು ಮುಗಿಯುವ ಹೊತ್ತಿಗೆ, ಒಂದು ಸಂಜೆ ನಾನು ಬಸ್ಸಿಳಿದು ಬಂದಾಗ ದೊಡ್ಡಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಮಾತಾಡಬೇಡ ಎಂದು ಕೈಸನ್ನೆ ಮಾಡಿದ. ಒಳಗೆ ಅವಳದೇ ಹಳೆಯ ಹಾಡು ನಡೆದಿತ್ತು. ಅದರ ಕೆಳಗೆ ಇನ್ನೊಂದು ದನಿ, ಒಡಕು, ಒಂದು ಮಾತ್ರೆ ಹಿಂದೆ. ಆದರೆ ಶಬ್ದಗಳಿದ್ದವು. ಒಂದಿಡೀ ಸಾಲು. ಸಾಲು ಮುಗಿದ ಮೇಲೆ ದನಿ ತಡವರಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಅದೇ ಹಾಡು ಮೊದಲಿಂದ ಶುರುವಾಯಿತು.

ನಾನು ಒಳಗೆ ಹೋಗಲಿಲ್ಲ. ದೊಡ್ಡಪ್ಪನ ಬಾಜೂಕ ಕುಳಿತೆ.

ಮರುದಿನ ಅವಳು ಕೈಮಾಡಿ ಕರೆದಳು. ಪರದೆಯ ಪಟ್ಟಿಯ ಮೇಲೆ ಬೆರಳಿಟ್ಟು, ತನ್ನ ಕಿವಿ ಮುಟ್ಟಿ, ಬಹಳ ಪ್ರಯಾಸದಿಂದ, "ಸಣ್ಣ," ಎಂದಳು. ಹಳೆಯ ದನಿ ದೊಡ್ಡದಾಗಿ ಹೊಸ ದನಿ ಕೇಳುತ್ತಿಲ್ಲ ಎಂದು ಅರ್ಥಮಾಡಿಕೊಳ್ಳಲು ನನಗೆ ಒಂದು ಗಳಿಗೆ ಬೇಕಾಯಿತು. ಫೈಲು ತೆರೆದು ದನಿ ತಗ್ಗಿಸುವ ನಾಲ್ಕನೆಯ ಬಟನ್ ಮಾಡಿದೆ. ಎಷ್ಟು ದೊಡ್ಡದಿರಲಿ, ಎಲ್ಲಿರಲಿ ಎಂದು ಕೇಳಿದೆ. ಅವಳು ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಪರದೆಯ ಆ ತುದಿಯನ್ನು ಹುಡುಕಿ, ಅಲ್ಲಿಡು ಎಂದು ಬೆರಳು ತೋರಿಸಿದಳು.