ಫೋಟೋಗಾಗಿ ತೊಳೆದ ಕಾಲು

ಬೈಯೋದಿದ್ದರೆ ಬೈದುಬಿಡಿ ಮಾರಾಯ್ರೇ. ಇವತ್ತು ಸಂಜೆ ಜನ್ನಾಪುರದ ನಮ್ಮ ಚರ್ಚಿನಲ್ಲಿ ಚಿನ್ನಪ್ಪಣ್ಣನನ್ನು ಕುರ್ಚಿಯಿಂದ ಎಬ್ಬಿಸಿದವನು ನಾನೇ.

ಯೇಸು ಶಿಷ್ಯರ ಕಾಲು ತೊಳೆದ ದಿನ ಇದು. ಪ್ರತಿ ವರ್ಷ ಫಾದರ್ ಕೂಡ ಹನ್ನೆರಡು ಜನರ ಕಾಲು ತೊಳೀತಾರೆ. ಅದರ ಏರ್ಪಾಡು ನೋಡಿಕೊಳ್ಳೋನು ನಾನು. ಈ ಸಲ ಪೇಪರಿನಲ್ಲಿ ಬರಲಿ ಅಂತ ಶಿವಮೊಗ್ಗದಿಂದ ಫೋಟೋದವನನ್ನು ಕರೆಸಿದ್ದೆ. ಚರ್ಚಿಗೆ ಹೆಸರು ಬರಲಿ ಅಂತ ಎಲ್ಲರಿಗೂ ಹೇಳಿದ್ದೆ. ಪೇಪರಿನಲ್ಲಿ ಕಾಣೋ ಆಸೆ ಇದ್ದದ್ದು ನನಗೆ.

ಪೂಜೆಗೆ ಮುಂಚೆ ಫೋಟೋದವನು ಕುರ್ಚಿಗಳ ಸಾಲು ನೋಡಿ, ಚಿನ್ನಪ್ಪಣ್ಣನ ಕಡೆ ತೋರಿಸಿ, "ಆ ಕಾಲು ಬೇಡ ಸಾರ್, ಚಿತ್ರ ಕೆಡುತ್ತೆ" ಅಂದ.

ಚಿನ್ನಪ್ಪಣ್ಣ ಕುಲುಮೆ ಕೆಲಸದವನು. ಕಾದ ಕಬ್ಬಿಣ ಬಿದ್ದು ಎಡಗಾಲಿನ ಬೆರಳುಗಳು ಹೋಗಿವೆ, ಗಾಯ ಇನ್ನೂ ಸೋರುತ್ತೆ. ಆಸ್ಪತ್ರೆಯಿಂದ ಬಂದಮೇಲೆ ಇವತ್ತೇ ಮೊದಲ ಸಲ ಚರ್ಚಿಗೆ ಬಂದಿದ್ದ.

"ಅಣ್ಣಾ, ಮುಂದಿನ ವರ್ಷ ಕೂತ್ಕೊ" ಅಂದೆ.

"ಫಾದರೇ ಕರೆದಿದ್ರಲ್ಲೋ?"

ನಾನು ಕೋಲು ಎತ್ತಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಊರಿಕೊಂಡು ಹೋಗಿ ಬಾಗಿಲ ಹತ್ತಿರ ನಿಂತ. ಆ ಕುರ್ಚಿಯಲ್ಲಿ ನಾನೇ ಕೂತೆ.

ಫಾದರ್ ನನ್ನ ಮುಂದೆ ಮಂಡಿಯೂರಿ, "ಚಿನ್ನಪ್ಪ ಎಲ್ಲಿ?" ಅಂತ ಮೆಲ್ಲಗೆ ಕೇಳಿದರು.

"ಹುಷಾರಿಲ್ಲ ಅಂತ ಮನೆಗೆ ಹೋದ, ಫಾದರ್."

ಅಷ್ಟರಲ್ಲಿ ಫೋಟೋದವನು, "ಫಾದರ್, ಇನ್ನೊಂದ್ಸಲ ಬಗ್ಗಿ" ಅಂದ. ಪಾಪ, ಬಗ್ಗಿದರು.

ಪೂಜೆ ಮುಗಿದಮೇಲೆ ಬೋಗುಣಿಯ ನೀರು ಚೆಲ್ಲೋಕೆ ಹೋದೆ. ಫಾದರ್ ಕರೆಯದ ನಾನೂ ಸೇರಿ ಹನ್ನೆರಡು ಜನರೂ ಮನೇಲೇ ಸೋಪು ಹಾಕಿ ಕಾಲು ಉಜ್ಜಿಕೊಂಡು ಬಂದಿದ್ದೆವು. ನೀರಿನಲ್ಲಿ ಚೂರೂ ಕೊಳೆ ಇರಲಿಲ್ಲ. ಫೋಟೋ ಹೇಗೆ ಬರುತ್ತೋ ಗೊತ್ತಿಲ್ಲ, ನನ್ನ ಮುಖ ಮಾತ್ರ ಆ ನೀರಿನಲ್ಲಿ ಸ್ಪಷ್ಟವಾಗಿ ಕಾಣ್ತಿತ್ತು.